ಐವತ್ತು ಮೀಟರಿನೊಳಗೆ

ರಾತ್ರಿ ಎರಡೂ ಮುಕ್ಕಾಲಿಗೆ ಫೋನು:
ಬೋಳಾರದಲ್ಲಿ ರಸ್ತೆ ಬಾಯಿ ಬಿಟ್ಟಿದೆ,
ಹವ್ವಮ್ಮನ ಅಂಗಡಿಯೊಳಗೆ ಮೊಣಕಾಲು ನೀರು,
ಉಪ್ಪಿನ ಮೂಟೆ ಹೋಯಿತು.
ತುಂಬೆಯಲ್ಲಿ ತಳ ಕಂಡ ಏಪ್ರಿಲ್,
ದಿನ ಬಿಟ್ಟು ದಿನ ನಲ್ಲಿ. ಇಲ್ಲಿ ಮಾತ್ರ ಹೊಳೆ.

ಲಾಲ್‌ಬಾಗಿನ ಎರಡನೇ ಮಹಡಿಯಲ್ಲಿ ನಾನು,
ಒಂದು ಫ್ಯಾನು, ಎರಡು ಪರದೆ,
ಊರಿನ ಪೈಪುಗಳೆಲ್ಲ ನೀಲಿ ಗೆರೆಗಳಾಗಿ.
ಕೇಳಿದೆ: ಈ ಬಿಂದುವಿನಿಂದ
ಐವತ್ತು ಮೀಟರಿನೊಳಗೆ ಯಾವ ವಾಲ್ವು?

ಯಂತ್ರ ವಿಧೇಯ. ಅದೇ ಅದರ ತೊಂದರೆ.
ಸುರತ್ಕಲ್ಲಿನ ತುದಿಯಿಂದ ಹಿಡಿದು
ಒಂದೊಂದಕ್ಕೂ ಟೇಪು ಹಿಡಿಯಿತು.
ನೀನೆಷ್ಟು ದೂರ? ಹದಿನೆಂಟು ಸಾವಿರ ಮೀಟರ್.
ನೀನು? ಅದಕ್ಕಿಂತ ಹತ್ತು ಕಡಿಮೆ.
ನೀನು?
ನೀನು?
ಚಹಾದ ಮೇಲೆ ಕೆನೆ ಕಟ್ಟಿತು.

ಲಿಗೋರಿಯವರನ್ನು ಎಬ್ಬಿಸಿದೆ.
ಮೂವತ್ತೊಂದು ವರ್ಷ ವಾಲ್ವು ತಿರುಗಿಸಿದ ಮನುಷ್ಯ.
"ಎಂತ ಮಾರಾಯ್ತಿ, ಬೋಳಾರ ಅಂದ್ರೆ
ಮೇಲೆಯೋ, ಹೊಳೆ ಬದಿಯೋ?"
ಹೊಳೆ ಬದಿ.
"ಹೆಂಚಿನ ಚಿಮಣಿಯ ಈಚೆಯೋ ಆಚೆಯೋ?"
ಈಚೆ.
"ಹಾಗಾದ್ರೆ ಮೂರೇ ಉಂಟು. ಹೊರಟೆ."

ಸುರತ್ಕಲ್ಲಿನ ಹೆಸರನ್ನೇ ಎತ್ತಲಿಲ್ಲ ಅವರು.

ಆಮೇಲೆ ನಾನೂ ಪೆಟ್ಟಿಗೆ ಕಟ್ಟಲು ಕೂತೆ.
ನಾಲ್ಕು ವಾಲ್ವಿಗೊಂದು ಚೌಕ,
ಚೌಕಗಳನ್ನು ಹೊತ್ತ ಚೌಕ, ಅದಕ್ಕೂ ಒಂದು ಹೊರಗೋಡೆ.
ಬಾಗಿಲಲ್ಲಿ ನಿಂತು ಕೇಳುವುದು ಒಂದೇ:
ಬೋಳಾರ ನಿನ್ನೊಳಗೆ ಬರುತ್ತದೆಯೇ?
ಇಲ್ಲ ಅಂದರೆ ಮುಗಿಯಿತು,
ಒಳಗೆ ಮಲಗಿದ ಸಾವಿರ ವಾಲ್ವುಗಳ
ನಿದ್ದೆ ಕೆಡಿಸುವ ಹಾಗಿಲ್ಲ.

ಕೇಳುವ ಬಾಯಿಯೂ ಸರಿ ಇರಬೇಕು.
ಎಲ್ಲರ ದೂರ ಅಳೆದು ತಂದು ಆಮೇಲೆ ಸೋಸು ಎಂದರೆ
ಬಾಗಿಲಿದ್ದೂ ಅದು ಗೋಡೆಯೇ.
ಹತ್ತಿರ ಇರುವವರು ಮಾತ್ರ ಬನ್ನಿ ಅನ್ನಬೇಕು.
ಒಂದೇ ಮಾತಿನ ಎರಡು ರೂಪ, ಅಂದುಕೊಂಡಿದ್ದೆ.
ಒಂದಕ್ಕೆ ನಲವತ್ತು ನಿಮಿಷ. ಇನ್ನೊಂದಕ್ಕೆ
ನಾನು ಕೈಬೆರಳು ತೆಗೆಯುವ ಮೊದಲೇ ಉತ್ತರ.

ಪೈಪುಗಳ ಸರದಿ ಬಂದಾಗ ಒಬ್ಬ ಕಾಡಿದ:
ತುಂಬೆಯಿಂದ ಪಣಂಬೂರಿಗೆ ಓರೆಯಾಗಿ ಮಲಗಿದ ದೊಡ್ಡ ಪೈಪು.
ಇರುವುದು ಒಂದು ಗೆರೆ, ಪೆಟ್ಟಿಗೆ ಮಾತ್ರ ಅರ್ಧ ಊರು.
ಕದ್ರಿಯಲ್ಲಿ ಕೇಳಿದರೂ ನಾನಿದ್ದೇನೆ,
ಕಾವೂರಿನಲ್ಲಿ ಕೇಳಿದರೂ ನಾನಿದ್ದೇನೆ,
ಮದುವೆಮನೆಯಲ್ಲಿ ಎಲ್ಲರಿಗೂ ಚಿಕ್ಕಪ್ಪನಾಗುವವರ ಹಾಗೆ.
ಕೊನೆಗೆ ಅವನನ್ನು ತುಂಡು ತುಂಡು ಮಾಡಿದೆ,
ಪಡೀಲಿನವನು ಪಡೀಲಿಗೆ, ಕೂಳೂರಿನವನು ಕೂಳೂರಿಗೆ.
ನೀರಿಗೆ ಗೊತ್ತಾಗಲಿಲ್ಲ.

ಪೆಟ್ಟಿಗೆ ಸುಳ್ಳನ್ನೂ ಹೇಳುತ್ತದೆ, ಪೂರಾ ಸುಳ್ಳಲ್ಲ.
ಕಾರ್ಖಾನೆಯನ್ನು ಬಳಸಿ ಬರುವ ಪೈಪಿನ ಚೌಕದೊಳಗೆ
ಮುಕ್ಕಾಲು ಪಾಲು ಬರೀ ಹುಲ್ಲು, ಒಂದು ಕಟ್ಟಿದ ಆಡು.
ಇರಬಹುದು, ಬಂದು ನೋಡಿ ಎನ್ನುವುದಷ್ಟೇ ಅದರ ಮಾತು.
ಬಂದ ಮೇಲೆ ಟೇಪು ಬೇಕೇ ಬೇಕು.

ಒಮ್ಮೆ ಮೇಲಿನವರು ಬರೆದರು:
ಎಲ್ಲ ವಾಲ್ವುಗಳ ಪಟ್ಟಿ, ಸಂಜೆಯೊಳಗೆ.
ಯಂತ್ರ ನನ್ನ ಪೆಟ್ಟಿಗೆಗಳ ಕಡೆ ತಿರುಗಿಯೂ ನೋಡದೆ
ಸುರತ್ಕಲ್ಲಿನಿಂದ ಸೀದಾ ಓದಿಕೊಂಡು ಹೋಯಿತು.
ಬೇಸರವಾಯಿತು, ಸುಳ್ಳೇಕೆ. ಆದರೆ ಅದು ಸರಿ:
ಎಲ್ಲ ಬೇಕೆಂದವರಿಗೆ ಬಾಗಿಲೇ ಅಡ್ಡಿ.

ಮೊನ್ನೆ ಜೆಪ್ಪುವಿನಲ್ಲಿ ಮತ್ತೆ, ನೆಲದಡಿ ಎಲ್ಲೋ.
ಯಂತ್ರ ಹನ್ನೊಂದು ಕೊಟ್ಟಿತು, ಅಳೆದು ನಾಲ್ಕಕ್ಕೆ ಇಳಿಸಿತು.
ಹೆಮ್ಮೆಯಿಂದ ಮೊಬೈಲು ಹಿಡಿದು ನಾನೇ ಹೋದೆ.
ಲಿಗೋರಿ ನೋಡಿದರು, ತಲೆಯಾಡಿಸಿದರು,
ಕಬ್ಬಿಣದ ಸರಳನ್ನು ನಾಲ್ಕರಲ್ಲಿ ಮೊದಲನೆಯದರ ಮೇಲೆ ಊರಿ
ಇನ್ನೊಂದು ತುದಿಗೆ ಕಿವಿ ಇಟ್ಟರು.

"ಆ ಬೈಕು ಆಫ್ ಮಾಡ್ಲಿಕ್ಕೆ ಹೇಳಿ."